ರೀಫಂಡ್ ಜಗಳ ಇತ್ಯರ್ಥವಾಗುವುದು ಪ್ಯಾಕಿಂಗ್ ಟೇಬಲ್ ಮೇಲೆ

2017ರ ಅಕ್ಟೋಬರ್‌ನಲ್ಲಿ ದೆಹಲಿ ಪೊಲೀಸರು ತ್ರಿನಗರದ ಒಬ್ಬ ತರುಣನನ್ನು ಬಂಧಿಸಿದರು. ಅವನು ಅಮೆಜಾನ್‌ನಿಂದ 166 ದುಬಾರಿ ಫೋನ್ ತರಿಸಿಕೊಂಡು, ಪ್ರತಿ ಸಲವೂ ‘ಡಬ್ಬಿ ಖಾಲಿ ಇತ್ತು’ ಎಂದು ದೂರು ಕೊಟ್ಟು, ಸುಮಾರು 50 ಲಕ್ಷ ರೂಪಾಯಿ ವಾಪಸು ಪಡೆದಿದ್ದ ಎಂಬುದು ಆರೋಪ. ಪೊಲೀಸರು ಹೇಳಿದ ಪ್ರಕಾರ ಆತ ಬಳಸಿದ್ದು 141 ಸಿಮ್ ಕಾರ್ಡ್. ಆರ್ಡರಿನಲ್ಲಿ ಪೂರ್ತಿ ವಿಳಾಸ ಕೊಡುತ್ತಿರಲಿಲ್ಲ. ಕೊರಿಯರ್ ಹುಡುಗ ದಾರಿ ಕೇಳಿ ಕರೆ ಮಾಡಿದಾಗ ಹತ್ತಿರದಲ್ಲೆಲ್ಲೋ ನಿಂತು ಪಾರ್ಸೆಲ್ ಇಸಿದುಕೊಳ್ಳುತ್ತಿದ್ದ. ಆಮೇಲೆ ಫೋನುಗಳು ಗಫಾರ್ ಮಾರ್ಕೆಟ್ಟಿಗೂ ಹಳೆ ಸಾಮಾನು ಮಾರುವ ಆ್ಯಪ್‌ಗೂ ಹೋಗುತ್ತಿದ್ದವು.

ಅದಕ್ಕೆ ಮೂರು ವರ್ಷ ಮೊದಲು, 2014ರ ಅಕ್ಟೋಬರ್‌ನಲ್ಲಿ, ಮುಂಬೈನ ಗ್ರಾಹಕರೊಬ್ಬರು ಸ್ನ್ಯಾಪ್‌ಡೀಲ್‌ನಲ್ಲಿ ಸ್ಯಾಮ್‌ಸಂಗ್ ಫೋನ್ ಆರ್ಡರ್ ಮಾಡಿದ್ದರು. ಪಾರ್ಸೆಲ್ ಒಡೆದರೆ ಒಳಗೆ ಪಾತ್ರೆ ತೊಳೆಯುವ ವಿಮ್ ಸೋಪಿನ ಬಿಲ್ಲೆ ಮತ್ತು ಕಲ್ಲು. ಅವರು ಚಿತ್ರ ತೆಗೆದು ಫೇಸ್‌ಬುಕ್ಕಿಗೆ ಹಾಕಿದರು. ದೇಶವೆಲ್ಲ ಅದನ್ನು ನೋಡಿತು. ಕಡೆಗೆ ಸೋಪು ತಯಾರಿಸುವ ಹಿಂದೂಸ್ತಾನ್ ಯೂನಿಲಿವರ್ ಕಂಪನಿಯೇ ಅವರಿಗೊಂದು ಹೊಸ ಫೋನ್ ಕಳಿಸಿಕೊಟ್ಟಿತು.

ಎರಡೂ ದೂರುಗಳ ಒಕ್ಕಣೆ ಹೆಚ್ಚುಕಡಿಮೆ ಒಂದೇ: ಹಣ ಕೊಟ್ಟೆ, ವಸ್ತು ಬರಲಿಲ್ಲ. ಒಬ್ಬರು ನಿಜಕ್ಕೂ ಮೋಸ ಹೋದವರು, ಇನ್ನೊಬ್ಬ ಮೋಸ ಮಾಡಿದ ಆರೋಪ ಹೊತ್ತವನು. ಗುರುಗ್ರಾಮದಲ್ಲೋ ಬೆಂಗಳೂರಿನಲ್ಲೋ ಕಂಪ್ಯೂಟರ್ ಮುಂದೆ ಕುಳಿತು ದೂರು ವಿಲೇವಾರಿ ಮಾಡುವವರಿಗೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಈ ಇಬ್ಬರ ನಡುವೆ ಮೂರನೆಯವನೊಬ್ಬ ಇದ್ದಾನೆ, ಅವನ ಹೆಸರು ಸುದ್ದಿಯಲ್ಲಿ ಬರುವುದು ಕಡಿಮೆ. ದೆಹಲಿಯ ಗಾಂಧಿನಗರದ ಸಿದ್ಧ ಉಡುಪಿನ ಅಂಗಡಿಯವನು, ಕರೋಲ್‌ಬಾಗ್ ಟ್ಯಾಂಕ್ ರೋಡಿನ ಜೀನ್ಸ್ ವ್ಯಾಪಾರಿ, ನೆಹರೂ ಪ್ಲೇಸಿನಲ್ಲಿ ಕೀಬೋರ್ಡು ಚಾರ್ಜರು ಮಾರುವವನು. ಊರಿಂದ ಇಳಕಲ್ ಸೀರೆ ತರಿಸಿ ನೋಯ್ಡಾದ ಫ್ಲ್ಯಾಟಿನಿಂದಲೇ ಮಾರಲು ಹೊರಟ ಕನ್ನಡದ ಗೃಹಿಣಿಯೂ ಇದೇ ಸಾಲಿಗೆ ಸೇರುತ್ತಾಳೆ. ಈ ಲೇಖನ ಅವರಿಗಾಗಿ.

ಮೊದಲು ದುಡ್ಡು ಹರಿಯುವ ದಾರಿ ತಿಳಿಯಬೇಕು. ಗ್ರಾಹಕ ಕೊಟ್ಟ ಹಣ ನೇರವಾಗಿ ಮಾರಾಟಗಾರನ ಖಾತೆಗೆ ಬರುವುದಿಲ್ಲ. ಅದು ಮಾರುಕಟ್ಟೆ ನಡೆಸುವ ಕಂಪನಿಯ ಕೈಯಲ್ಲಿದ್ದು, ಕಮಿಷನ್, ಸಾಗಣೆ ವೆಚ್ಚ, ತೆರಿಗೆ ಎಲ್ಲ ಕಳೆದು, ಪೇಮೆಂಟ್ ಸೈಕಲ್ ಬಂದಾಗ ಖಾತೆಗೆ ಬೀಳುತ್ತದೆ. ಈಬೇ ಕಂಪನಿ ಭಾರತದಲ್ಲಿದ್ದ ಕಾಲದ ‘ಪೈಸಾಪೇ’ ವ್ಯವಸ್ಥೆಯೂ ಹೀಗೇ ಹಣವನ್ನು ನಡುವೆ ತಡೆದಿಟ್ಟುಕೊಳ್ಳುತ್ತಿತ್ತು. ಹೀಗಾಗಿ ರೀಫಂಡ್ ಆದಾಗ ಮಾರಾಟಗಾರ ಜೇಬಿಗೆ ಕೈ ಹಾಕಬೇಕಾಗಿಯೇ ಇಲ್ಲ. ಮುಂದಿನ ಸೈಕಲ್ಲಿನಲ್ಲಿ ಮುರಿದುಕೊಂಡಿರುತ್ತಾರೆ. ಎಷ್ಟೋ ಜನರಿಗೆ ಜಗಳ ನಡೆದದ್ದು ತಿಳಿಯುವುದೇ ಹಣ ಕಡಿಮೆ ಬಂದ ಮೇಲೆ.

ಲೆಕ್ಕಕ್ಕೆಂದು ಒಂದು ಕುರ್ತಿ ತೆಗೆದುಕೊಳ್ಳೋಣ. ಮಾರಿದ ಬೆಲೆ 500 ರೂಪಾಯಿ, ಅಸಲು 320, ಪ್ಯಾಕಿಂಗ್ 10, ಶುಲ್ಕ ಮತ್ತು ಸಾಗಣೆ 90. ಉಳಿದದ್ದು 80. ಗ್ರಾಹಕಿ ವಾಪಸು ಕಳಿಸಿದಳು, ತೆರೆದು ನೋಡಿದರೆ ಒಳಗಿರುವುದು ಹಳೆಯ, ಒಗೆದ ಬಟ್ಟೆ. ಮೊದಲಿನ ಶುಲ್ಕವನ್ನು ಕಂಪನಿ ಮನ್ನಾ ಮಾಡಿತೆಂದೇ ಇಟ್ಟುಕೊಂಡರೂ ಹೊಸ ಕುರ್ತಿಯ 320, ಪ್ಯಾಕಿಂಗಿನ 10, ವಾಪಸು ಸಾಗಣೆಯದು 80 ಎಂದರೆ 410 ರೂಪಾಯಿ ಹೋಯಿತು. ಐದು ಕುರ್ತಿ ಮಾರಿದ ಲಾಭವನ್ನೂ ಮೀರಿದ ನಷ್ಟ ಇದು. ಇಂಥ ಪಾರ್ಸೆಲ್ ವಾರಕ್ಕೆರಡು ಬಂದರೆ ಸಣ್ಣ ವ್ಯಾಪಾರ ಸದ್ದಿಲ್ಲದೆ ಮುಳುಗುತ್ತದೆ.

ಇನ್ನು ಕಾನೂನು. ‘ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸುವ ಕಾಲ ಮುಗಿದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೋಷವಿರುವ ಸರಕನ್ನು ವಾಪಸು ಪಡೆಯದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಕರೆದಿದೆ. ಬಿಲ್ಲಿನಲ್ಲಿ ಅವಧಿ ಬರೆದಿರದಿದ್ದರೆ 30 ದಿನದೊಳಗೆ ಹಣ ಹಿಂತಿರುಗಿಸಬೇಕು. ಅದರಡಿ 2020ರ ಜುಲೈ 23ರಂದು ಬಂದ ಇ-ಕಾಮರ್ಸ್ ನಿಯಮಗಳ 6ನೇ ನಿಯಮ ಮಾರಾಟಗಾರನಿಗೇ ಹೇಳಿದ್ದು. ವಸ್ತು ಕೆಟ್ಟದ್ದಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ತಲುಪಿದರೆ ಆತ ವಾಪಸು ಪಡೆಯಲೇಬೇಕು, ಹಣ ಕೊಡಲೇಬೇಕು. ತಡವಾದದ್ದಕ್ಕೆ ಪ್ರವಾಹ, ಭೂಕಂಪದಂಥ ಕಾರಣವಿದ್ದರೆ ಮಾತ್ರ ವಿನಾಯಿತಿ.

ಆ ಪಟ್ಟಿಯಲ್ಲಿ ಇಲ್ಲದ ಒಂದು ಕಾರಣವನ್ನು ಗಮನಿಸಿ. ‘ಮನಸ್ಸು ಬದಲಾಯಿತು, ಬೇಡ’ ಎಂಬುದಕ್ಕೆ ನಮ್ಮ ಕಾನೂನಿನಲ್ಲಿ ಹಕ್ಕಿಲ್ಲ. ಯುರೋಪಿನ ಒಕ್ಕೂಟದಲ್ಲಿ ಆನ್‌ಲೈನ್‌ನಲ್ಲಿ ಕೊಂಡ ವಸ್ತುವನ್ನು 14 ದಿನದೊಳಗೆ ಕಾರಣ ಹೇಳದೆ ಹಿಂತಿರುಗಿಸಬಹುದು. ಅಲ್ಲಿ ಅದು ಶಾಸನ ಕೊಟ್ಟ ಹಕ್ಕು. ನಮ್ಮಲ್ಲಿ ಆ ಅನುಕೂಲವನ್ನು ಕೊಟ್ಟಿರುವುದು ಕಂಪನಿಗಳು, ಗ್ರಾಹಕರನ್ನು ಸೆಳೆಯಲಿಕ್ಕೆ. ಸೆಳೆದ ಲಾಭ ಕಂಪನಿಗೆ ಹೋಗುತ್ತದೆ, ವಾಪಸು ಬಂದ ಮಾಲಿನ ಭಾರ ಬಹುಪಾಲು ಮಾರಾಟಗಾರನ ಮೇಲೆ ಬೀಳುತ್ತದೆ. ನನ್ನ ಮಟ್ಟಿಗೆ ಈ ವ್ಯವಸ್ಥೆಯ ದೊಡ್ಡ ಅನ್ಯಾಯ ಇದೇ. ಆದರೆ ಒಪ್ಪಂದಕ್ಕೆ ಟಿಕ್ ಹಾಕಿ ಒಳಗೆ ಹೋದವನು ಅದನ್ನು ಒಪ್ಪಿಯೇ ಹೋಗಿರುತ್ತಾನೆ. ಯಾವ ವಿಭಾಗದ ಸರಕಿಗೆ ಎಷ್ಟು ದಿನದ ವಾಪಸಾತಿ, ಯಾವುದಕ್ಕೆ ಬದಲಿ ವಸ್ತು ಮಾತ್ರ, ಇದನ್ನು ಲಿಸ್ಟಿಂಗ್ ಹಾಕುವ ಮೊದಲೇ ಓದಿ ಬೆಲೆ ನಿಗದಿ ಮಾಡಬೇಕು.

ವಾಪಸು ಬರುವ ಪಾರ್ಸೆಲ್ಲೆಲ್ಲ ಒಂದೇ ಬಗೆಯದಲ್ಲ. ಗ್ರಾಹಕ ತೆಗೆದುಕೊಳ್ಳದೆ, ಬಾಗಿಲಿನಿಂದಲೇ ತಿರುಗಿ ಬಂದದ್ದಕ್ಕೆ ಈ ವಲಯದವರು ಆರ್‌ಟಿಒ ಎನ್ನುತ್ತಾರೆ. ಕ್ಯಾಶ್ ಆನ್ ಡೆಲಿವರಿ ಹೆಚ್ಚಿರುವ ಕಡೆ ಇದು ಹೆಚ್ಚು. ತೆಗೆದುಕೊಂಡು, ತೆರೆದು, ಬಳಿಕ ಕಳಿಸಿದ್ದು ಕಸ್ಟಮರ್ ರಿಟರ್ನ್. ತಲುಪಲೇ ಇಲ್ಲ ಎಂಬ ದೂರು ಬೇರೆ, ತಲುಪಿದೆ ಆದರೆ ಬೇರೆ ವಸ್ತು ಬಂದಿದೆ ಎಂಬುದು ಬೇರೆ. ಆರ್‌ಟಿಒ ಡಬ್ಬಿಯೊಳಗೆ ಕಲ್ಲು ಬಂದರೆ ಗ್ರಾಹಕ ಅದನ್ನು ಮುಟ್ಟಿಯೂ ಇಲ್ಲ. ಅಲ್ಲಿ ಪ್ರಶ್ನೆ ಕೇಳಬೇಕಾದದ್ದು ಸಾಗಣೆಯವರನ್ನು. ಕೋಪದಲ್ಲಿ ಈ ವ್ಯತ್ಯಾಸ ಮರೆತು ಎಲ್ಲಕ್ಕೂ ‘ಗ್ರಾಹಕ ಕಳ್ಳ’ ಎಂದು ಬರೆದರೆ ಕ್ಲೇಮ್ ಅಲ್ಲಿಗೇ ಬಿದ್ದುಹೋಗುತ್ತದೆ.

ಜಗಳಗಳಲ್ಲಿ ಎಷ್ಟೋ ಹುಟ್ಟುವುದು ಲಿಸ್ಟಿಂಗ್‌ನಲ್ಲೇ. ಇಳಕಲ್ ಸೀರೆಯನ್ನೇ ನೋಡಿ. ಕೈಮಗ್ಗದ್ದಾದರೆ ನೇಯ್ಗೆಯಲ್ಲಿ ಅಲ್ಲಲ್ಲಿ ಎಳೆ ದಪ್ಪವಾಗಿರುತ್ತದೆ, ಸೆರಗನ್ನು ಒಡಲಿಗೆ ಜೋಡಿಸುವ ತೋಪುತೆನಿಯ ಗಂಟುಗಳು ಕಾಣುತ್ತವೆ. ಅದೇ ಅದರ ಗುರುತು. ಇಳಕಲ್ ಸೀರೆಯನ್ನೇ ಕಾಣದ ಲಖನೌದ ಗ್ರಾಹಕಿಗೆ ಅದು ದೋಷದ ಹಾಗೆ ಕಾಣುವುದರಲ್ಲಿ ತಪ್ಪಿಲ್ಲ. ಅದನ್ನು ವಿವರಣೆಯಲ್ಲಿ ಬರೆದು, ಗಂಟುಗಳ ಹತ್ತಿರದ ಚಿತ್ರ ಹಾಕಿದ್ದರೆ ‘ಹೇಳಿದಂತೆ ಇಲ್ಲ’ ಎಂಬ ದೂರಿಗೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಬಣ್ಣದ ವಿಷಯವೂ ಹಾಗೆಯೇ. ಸ್ಟುಡಿಯೊ ದೀಪದಡಿ ತೆಗೆದು ಹೊಳಪು ಏರಿಸಿದ ಚಿತ್ರ ಹೆಚ್ಚು ಆರ್ಡರ್ ತರುತ್ತದೆ, ಹೆಚ್ಚು ರಿಟರ್ನನ್ನೂ ತರುತ್ತದೆ. ಹಗಲು ಬೆಳಕಿನ ಒಂದು ಚಿತ್ರ ಇರಲಿ. ಸೀರೆಯ ಉದ್ದ, ರವಿಕೆ ಬಟ್ಟೆ ಇದೆಯೋ ಇಲ್ಲವೋ, ಮೊದಲ ಒಗೆತದಲ್ಲಿ ಬಣ್ಣ ಬಿಡುವುದೋ ಇಲ್ಲವೋ, ಎಲ್ಲ ಬರೆಯಿರಿ. ಕಾನೂನಿನ ಕಣ್ಣಲ್ಲಿ ಆ ಲಿಸ್ಟಿಂಗ್ ನೀವು ಕೊಟ್ಟ ಮಾತು.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ಯಾಕಿಂಗ್ ಟೇಬಲ್. ದೂರು ಬಂದ ದಿನ ಸಾಕ್ಷ್ಯ ಹುಡುಕಿದರೆ ಸಿಗುವುದಿಲ್ಲ. ಸಾಕ್ಷ್ಯ ಇರಬೇಕಾದದ್ದು ವಸ್ತು ಡಬ್ಬಿಯೊಳಗೆ ಹೋದ ಆ ಒಂದು ನಿಮಿಷದಲ್ಲಿ. ಟೇಬಲ್ ಮೇಲ್ಗಡೆ ಒಂದು ಕ್ಯಾಮೆರಾ ಅಥವಾ ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನ್ ಸಾಕು. ಮೊದಲು ಶಿಪ್ಪಿಂಗ್ ಲೇಬಲ್ಲಿನ ಆರ್ಡರ್ ನಂಬರ್ ಮತ್ತು ಟ್ರ್ಯಾಕಿಂಗ್ ನಂಬರ್ ಸ್ಪಷ್ಟವಾಗಿ ಕಾಣಬೇಕು. ಆಮೇಲೆ ವಸ್ತುವಿನ ನಾಲ್ಕೂ ಬದಿ, ಎಲೆಕ್ಟ್ರಾನಿಕ್ ಆದರೆ ಸೀರಿಯಲ್ ನಂಬರ್, ಫೋನಾದರೆ ಐಎಂಇಐ, ಬಟ್ಟೆಯಾದರೆ ಟ್ಯಾಗ್ ಮತ್ತು ಅಳತೆ. ಒಳಗಿಟ್ಟು, ಟೇಪ್ ಹಾಕಿ, ಲೇಬಲ್ ಅಂಟಿಸಿ, ತಕ್ಕಡಿಯ ಮೇಲಿಟ್ಟು ತೂಕ ಕಾಣುವವರೆಗೂ ವಿಡಿಯೊ ಕತ್ತರಿಸಬಾರದು. ತೂಕವನ್ನು ಹಲವರು ಬಿಡುತ್ತಾರೆ. ಹೊರಡುವಾಗ 410 ಗ್ರಾಂ ಇದ್ದ ಡಬ್ಬಿ ತಿರುಗಿ ಬರುವಾಗ 190 ಗ್ರಾಂ ಇದ್ದರೆ ಅದಕ್ಕಿಂತ ಗಟ್ಟಿ ಮಾತು ಬೇರೆ ಬೇಕಿಲ್ಲ. ಫೈಲಿಗೆ ಆರ್ಡರ್ ನಂಬರನ್ನೇ ಹೆಸರಿಟ್ಟು ಉಳಿಸಿ, ಬೇಕೆಂದಾಗ ತಕ್ಷಣ ಸಿಗುತ್ತದೆ. ಪಿಕಪ್‌ಗೆ ಬಂದವರಿಂದ ಮ್ಯಾನಿಫೆಸ್ಟಿಗೆ ಸಹಿ ಮತ್ತು ದಿನಾಂಕ ಪಡೆಯುವುದೂ ಇದೇ ಕೆಲಸದ ಭಾಗ.

ತಿರುಗಿ ಬಂದ ಪಾರ್ಸೆಲ್ಲಿಗೂ ಅದೇ ಶಿಸ್ತು. ಸಂಜೆ ಹೊತ್ತಿಗೆ ಹತ್ತು ರಿಟರ್ನ್ ಒಟ್ಟಿಗೆ ಬಂದು ಬೀಳುತ್ತವೆ, ಕೊರಿಯರಿನವನಿಗೆ ಅವಸರ, ನಿಮಗೂ ಅವಸರ. ಹಾಗಿದ್ದರೂ ಹರಿದಿರುವ, ಟೇಪ್ ಬದಲಾದಂತೆ ಕಾಣುವ ಡಬ್ಬಿಯನ್ನು ಅವನ ಎದುರಿಗೇ ಚಿತ್ರ ತೆಗೆದು, ಸ್ವೀಕೃತಿಯಲ್ಲಿ ಹಾಗೆಂದು ಬರೆಯಿರಿ. ತೆರೆಯುವಾಗ ಲೇಬಲ್ಲಿನಿಂದ ಶುರುಮಾಡಿ ಒಂದೇ ಓಟದ ವಿಡಿಯೊ ಬೇಕು. ನಡುವೆ ನಿಂತ ವಿಡಿಯೊವನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು.

ಬಂದದ್ದು ಬೇರೆ ವಸ್ತು ಎಂದು ಖಚಿತವಾದರೆ ಅಂದೇ ಕ್ಲೇಮ್ ಹಾಕಬೇಕು. ಅಮೆಜಾನ್‌ನಲ್ಲಿ ಇದಕ್ಕೆ ಸೇಫ್-ಟಿ ಕ್ಲೇಮ್ ಎನ್ನುತ್ತಾರೆ, ಫ್ಲಿಪ್‌ಕಾರ್ಟ್‌ನಲ್ಲಿ ಎಸ್‌ಪಿಎಫ್. ಎಲ್ಲ ಕಡೆಯೂ ಗಡುವು ಇದೆ, ಅದು ಆಗಾಗ ಬದಲಾಗುತ್ತದೆ. ಪಾಲಿಸಿ ಪುಟವನ್ನು ತಿಂಗಳಿಗೊಮ್ಮೆಯಾದರೂ ತೆರೆದು ನೋಡುವ ರೂಢಿ ಒಳ್ಳೆಯದು. ಬರೆಯುವ ರೀತಿ ಹೀಗಿರಲಿ: ‘ಈ ಆರ್ಡರಿನಲ್ಲಿ ಕಳಿಸಿದ್ದು ನೀಲಿ ಕುರ್ತಿ, ಅಳತೆ ಎಲ್, ತೂಕ ಇಷ್ಟು. ಈ ದಿನ ತಿರುಗಿ ಬಂದದ್ದು ಒಗೆದ ಕೆಂಪು ಟಾಪ್, ಟ್ಯಾಗ್ ಇಲ್ಲ, ತೂಕ ಇಷ್ಟು. ಪ್ಯಾಕಿಂಗ್ ವಿಡಿಯೊದ ಇಂಥ ಸೆಕೆಂಡಿನಲ್ಲಿ, ತೆರೆದ ವಿಡಿಯೊದ ಇಂಥ ಸೆಕೆಂಡಿನಲ್ಲಿ ಇದು ಕಾಣುತ್ತದೆ.’ ಇಷ್ಟೇ. ದಿನಕ್ಕೆ ಇಂಥ ನೂರಾರು ಓದುವವನಿಗೆ ನಿಮ್ಮ ಸಂಕಟದ ಕಥೆಗಿಂತ ಆ ಸೆಕೆಂಡು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೊದಲ ಸಲ ತಿರಸ್ಕಾರವಾದರೆ ಅದೇ ಟಿಕೆಟಿನಲ್ಲಿ ಮೇಲ್ಮನವಿ ಹಾಕಿ, ತಿರಸ್ಕರಿಸಿದ ಕಾರಣಕ್ಕೆ ನೇರವಾಗಿ ಉತ್ತರ ಕೊಡಿ.

ತಪ್ಪು ನಿಮ್ಮದೇ ಆಗಿದ್ದರೆ ವಾದ ಬೇಡ. ಅಳತೆ ತಪ್ಪಿ ಹೋಗಿದೆ, ಗುಂಡಿ ಕಿತ್ತಿದೆ, ಹೇಳಿದ ದಿನ ಮೀರಿದೆ ಎಂದಾದರೆ ಹಣ ಬೇಗ ಕೊಟ್ಟು ಕ್ಷಮೆ ಕೇಳಿ. ಸರಕಿಗೆ ಕಡ್ಡಾಯವಾದ ಐಎಸ್‌ಐ ಗುರುತಿಲ್ಲದಿದ್ದರಂತೂ ವಾದಕ್ಕೆ ಜಾಗವೇ ಇಲ್ಲ. 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಗುಣಮಟ್ಟದ ಆದೇಶ ಪಾಲಿಸದ ಪ್ರೆಶರ್ ಕುಕ್ಕರ್‌ಗಳ ವಿಷಯದಲ್ಲಿ ಅಮೆಜಾನ್‌ಗೂ ಫ್ಲಿಪ್‌ಕಾರ್ಟ್‌ಗೂ ತಲಾ 1 ಲಕ್ಷ ದಂಡ ಹಾಕಿ, ಕೊಂಡವರಿಗೆಲ್ಲ ತಿಳಿಸಿ ಹಣ ಹಿಂತಿರುಗಿಸಲು ಆದೇಶಿಸಿತು. ಕೆಲವರು ರೀಫಂಡಿಗೂ ಸ್ಟಾರಿಗೂ ಗಂಟು ಹಾಕುತ್ತಾರೆ, ‘ಒಂದು ಸ್ಟಾರ್ ತೆಗೆದುಹಾಕಿ, ಹಣ ಕೊಡುತ್ತೇನೆ’ ಎನ್ನುತ್ತಾರೆ. ಲೇಬಲ್ಲಿನಿಂದ ನಂಬರ್ ತೆಗೆದು ರಾತ್ರಿ ಗ್ರಾಹಕರಿಗೆ ಕರೆ ಮಾಡುವವರೂ ಇದ್ದಾರೆ. ಇವೆರಡನ್ನೂ ಮಾಡಬೇಡಿ. ಖಾತೆ ಹೋಗುವುದಷ್ಟೇ ಇದರ ತೊಂದರೆಯಲ್ಲ, ಹೆಣ್ಣುಮಗಳೊಬ್ಬಳು ಮನೆಯ ವಿಳಾಸ ಕೊಟ್ಟು ಇಟ್ಟ ನಂಬಿಕೆಯನ್ನು ಮುರಿಯುವ ಕೆಲಸ ಅದು.

ಮಾತು ಮಾರುಕಟ್ಟೆಯ ಹೊರಗೆ ಹೋದರೆ? ಗ್ರಾಹಕರು 1915ಕ್ಕೆ ಕರೆ ಮಾಡಬಹುದು, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಕೇಸು ಹಾಕಬಹುದು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಮಾರಾಟಗಾರರು ಮರೆಯಬಾರದ ಸಂಗತಿ, 2019ರ ಕಾಯ್ದೆಯ 34ನೇ ಕಲಮಿನ ಪ್ರಕಾರ ದೂರುದಾರರು ತಾವು ವಾಸವಿರುವ ಊರಿನಲ್ಲೇ ಕೇಸು ಹೂಡಬಹುದು. ಗಾಂಧಿನಗರದ ವ್ಯಾಪಾರಿಗೆ ಧಾರವಾಡದ ಜಿಲ್ಲಾ ಆಯೋಗದಿಂದ ನೋಟಿಸ್ ಬರಬಹುದು. ‘ಅಷ್ಟು ದೂರ ಯಾರು ಹೋಗುತ್ತಾರೆ’ ಎಂದು ಅದನ್ನು ಪಕ್ಕಕ್ಕಿಡುವುದು ಅಪಾಯ. ಉತ್ತರ ಸಲ್ಲಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15. ಅದಕ್ಕೂ ಮೇಲೆ ಒಂದು ದಿನವೂ ಕೊಡುವಂತಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹಿಲ್ಲಿ ಮಲ್ಟಿಪರ್ಪಸ್ ಪ್ರಕರಣದಲ್ಲಿ ಹೇಳಿದೆ. ಹಾಜರಾಗಲು ವಿಡಿಯೊ ಕಾನ್ಫರೆನ್ಸ್ ಕೋರಬಹುದು. ಆಯೋಗಗಳು ಕಂಪನಿಗಳನ್ನೂ ಬಿಡುವುದಿಲ್ಲ. ಹಣ ಪೂರ್ತಿ ಕೊಟ್ಟರೂ 12,499 ರೂಪಾಯಿಯ ಫೋನ್ ತಲುಪದ ಪ್ರಕರಣದಲ್ಲಿ 2023ರ ಜನವರಿಯಲ್ಲಿ ಬೆಂಗಳೂರು ನಗರ ಜಿಲ್ಲಾ ಆಯೋಗ ಫ್ಲಿಪ್‌ಕಾರ್ಟ್‌ಗೆ ಬೆಲೆಯನ್ನು ಬಡ್ಡಿಸಹಿತ ಹಿಂತಿರುಗಿಸಿ, 20,000 ದಂಡ ಮತ್ತು 10,000 ಖರ್ಚು ತೆರಲು ಹೇಳಿತು.

ಮಾರಾಟಗಾರ ಕಂಪನಿಯ ಮೇಲೆ ಹೋಗುವ ದಾರಿ ಇದಕ್ಕಿಂತ ಕಿರಿದು. ಒಪ್ಪಂದದಲ್ಲಿ ಸಾಮಾನ್ಯವಾಗಿ ಮಧ್ಯಸ್ಥಿಕೆಯ ಕಲಮು ಇರುತ್ತದೆ, ಯಾವ ಊರಿನಲ್ಲಿ ನಡೆಯಬೇಕು ಎಂದೂ ಬರೆದಿರುತ್ತದೆ. 410 ರೂಪಾಯಿಗೆ ಯಾರೂ ಮಧ್ಯಸ್ಥಿಕೆಗೆ ಹೋಗಲಾರರು. ಗ್ರಾಹಕ ಆಯೋಗಕ್ಕೆ ಹೋದರೆ ‘ನೀವು ವಾಣಿಜ್ಯ ಉದ್ದೇಶದವರು, ಗ್ರಾಹಕರಲ್ಲ’ ಎಂಬ ತಕರಾರು ಎದುರಾಗುತ್ತದೆ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕೆಂದೇ ಮಾಡುವುದು ವಾಣಿಜ್ಯ ಉದ್ದೇಶ ಅಲ್ಲ ಎಂದು ಕಾಯ್ದೆಯ ವಿವರಣೆಯೇ ಹೇಳುತ್ತದೆ. 1995ರ ಲಕ್ಷ್ಮೀ ಎಂಜಿನಿಯರಿಂಗ್ ತೀರ್ಪು ಅದನ್ನು ಬಿಡಿಸಿ ಹೇಳಿದೆ. ಮನೆಮಂದಿಯೇ ನಡೆಸುವ ವ್ಯಾಪಾರಕ್ಕೆ ಈ ಬಾಗಿಲು ತಟ್ಟಿ ನೋಡುವಷ್ಟು ತೆರೆದಿದೆ.

ತ್ರಿನಗರದ ಪ್ರಕರಣದಂತೆ ಒಬ್ಬನೇ ಮತ್ತೆ ಮತ್ತೆ ಮಾಡುತ್ತಿರುವುದು ಕಂಡರೆ ಪೊಲೀಸರಿಗೆ ಹೋಗಬೇಕು. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಇದೆ. ಆಗ ನಿಮ್ಮ ವಿಡಿಯೊ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಮೂಲ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಅಳಿಸಿಬಿಡಬೇಡಿ.

ತೆರಿಗೆಯ ಬಗ್ಗೆ ಎರಡು ಮಾತು ಸಾಕು. ರಿಟರ್ನ್ ಆದ ಮಾರಾಟಕ್ಕೆ ಕ್ರೆಡಿಟ್ ನೋಟ್ ಮಾಡಿ, ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ಜಿಎಸ್‌ಟಿ ಲೆಕ್ಕದಲ್ಲಿ ತೋರಿಸಬೇಕು. ಇಲ್ಲದಿದ್ದರೆ ಕೈಗೆ ಬಾರದ ಹಣಕ್ಕೂ ತೆರಿಗೆ ಕಟ್ಟಿದಂತಾಗುತ್ತದೆ. ಕಂಪನಿ ಹಿಡಿಯುವ ಟಿಸಿಎಸ್ ಕೂಡ ರಿಟರ್ನ್ ಕಳೆದು ಉಳಿದ ಮೊತ್ತಕ್ಕೆ ಮಾತ್ರ. ಹೊಂದುತ್ತಿದೆಯೇ ಎಂದು ತಾಳೆ ನೋಡಿ.

ಕಂಪನಿಗೂ ಮಾರಾಟಗಾರನಿಗೂ ನಡುವಿನ ಈ ಅಸಮತೋಲನಕ್ಕೂ ದೆಹಲಿಯಲ್ಲೇ ಶುರುವಾದ ಇತಿಹಾಸವಿದೆ. 2004ರ ಡಿಸೆಂಬರ್‌ನಲ್ಲಿ ಬಾಝೀ.ಕಾಂ ಎಂಬ ಮಾರಾಟ ತಾಣದ ಮುಖ್ಯಸ್ಥರನ್ನು ದೆಹಲಿ ಪೊಲೀಸರು ಬಂಧಿಸಿದ್ದು, ಯಾರೋ ಒಬ್ಬ ಮಾರಾಟಗಾರ ಆ ತಾಣದಲ್ಲಿ ಹಾಕಿದ್ದ ಅಶ್ಲೀಲ ದೃಶ್ಯದ ಕಾರಣಕ್ಕೆ. ಆ ಪ್ರಕರಣದ ಬಿಸಿಯಲ್ಲೇ 2008ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ತಿದ್ದುಪಡಿ ಬಂತು, 79ನೇ ಕಲಮು ಮಧ್ಯವರ್ತಿ ಕಂಪನಿಗಳಿಗೆ ರಕ್ಷಣೆಯನ್ನು ಹಿಗ್ಗಿಸಿತು. ಇನ್ನೊಬ್ಬರ ತಪ್ಪಿಗೆ ತಾಣ ನಡೆಸುವವರು ಜೈಲಿಗೆ ಹೋಗಬಾರದು, ಅದು ಸರಿ. ಆದರೆ ಇಂದು ಹಣ ಹಿಡಿದಿಟ್ಟುಕೊಳ್ಳುವುದು, ಸಾಗಿಸುವುದು, ದೂರು ಕೇಳುವುದು, ತೀರ್ಪು ಕೊಟ್ಟು ಹಣ ಮುರಿದುಕೊಳ್ಳುವುದು ಎಲ್ಲವನ್ನೂ ಒಂದೇ ಕಂಪನಿ ಮಾಡುತ್ತದೆ. ಇಷ್ಟೆಲ್ಲ ಮಾಡುವವರನ್ನು ಬರೀ ಮಧ್ಯವರ್ತಿ ಎನ್ನಲು ನನಗೆ ಮನಸ್ಸೊಪ್ಪುವುದಿಲ್ಲ. 2022ರಲ್ಲಿ ದೆಹಲಿ ವಲಯ, ಬೆಂಗಳೂರು ಸೇರಿ ಐದು ಕಡೆ ಪ್ರಯೋಗ ಶುರುಮಾಡಿದ ಒಎನ್‌ಡಿಸಿ ಜಾಲದಲ್ಲಿ ಕೊಳ್ಳುವವರ ಆ್ಯಪ್, ಮಾರುವವರ ಆ್ಯಪ್, ಸಾಗಣೆ ಬೇರೆಬೇರೆ ಸಂಸ್ಥೆಗಳ ಕೈಯಲ್ಲಿವೆ. ದೂರು ಒಬ್ಬರಿಂದೊಬ್ಬರಿಗೆ ದಾಟುವ ಸಾಮಾನ್ಯ ನಿಯಮವೂ ಇದೆ. ದಿಕ್ಕು ಸರಿಯಿದೆ.

2020ರ ನಿಯಮಗಳ ಪ್ರಕಾರ ಗ್ರಾಹಕನ ದೂರನ್ನು ಕಂಪನಿಯ ಅಧಿಕಾರಿ 48 ಗಂಟೆಯೊಳಗೆ ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮಾರಾಟಗಾರನ ಕ್ಲೇಮಿಗೆ ಆ ನಿಯಮಗಳಲ್ಲಿ ಇಂಥ ಗಡುವಿಲ್ಲ. 2019ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಇ-ಕಾಮರ್ಸ್ ನೀತಿಯ ಕರಡು ಹೊರಡಿಸಿದ ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯ ಆ ಕೊರತೆ ತುಂಬಬೇಕು. ಅದೇ 48 ಗಂಟೆ, ಅದೇ ಒಂದು ತಿಂಗಳು ಸಣ್ಣ ಮಾರಾಟಗಾರನಿಗೂ ಸಿಗಲಿ. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಒಬ್ಬ ಮನುಷ್ಯ ಹೆಸರು ಹಾಕಿ ಬರೆದು ಕೊಡಲಿ, ಗ್ರಾಹಕ ಕೊಟ್ಟ ಚಿತ್ರವನ್ನು ಮಾರಾಟಗಾರನಿಗೂ ತೋರಿಸಲಿ.